ಒಣ ಅಣಬೆಗೆ ಹುಳ ಬಿದ್ದಿದೆ, ಏನು ಮಾಡಲಿ?

ಪ್ರಶ್ನೆ: ಧಾರವಾಡದಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ಹೋದ ಮಳೆಗಾಲ ಕಲಘಟಗಿ ಕಡೆಯಿಂದ ತಂದ ಹುತ್ತದ ಅಣಬೆಗಳನ್ನು ಒಣಗಿಸಿ, ಹರ್ಬೇರಿಯಂಗೆ (ಅಧ್ಯಯನಕ್ಕಾಗಿ ಒಣಗಿಸಿಟ್ಟ ಮಾದರಿಗಳ ಸಂಗ್ರಹ) ಅಂತ ಕಾಗದದ ಪೊಟ್ಟಣದಲ್ಲಿ ಇಟ್ಟಿದ್ದೆ. ನಿನ್ನೆ ತೆರೆದರೆ ಎರಡರಲ್ಲಿ ಬರೀ ಪುಡಿ, ಸಣ್ಣ ಕಂದು ಹುಳ. ತುಂಬ ಸಂಕಟವಾಯಿತು. ಉಳಿದವನ್ನು ಹೇಗೆ ಕಾಪಾಡಲಿ?

ಉತ್ತರ 1: ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿ ಒಂದು ವಾರ ಇಡಿ. ತೆಗೆದ ಕೂಡಲೇ ಚೀಲ ಬಿಚ್ಚಬೇಡಿ, ತೇವ ಕೂರುತ್ತದೆ. ಪುಡಿಯನ್ನು ಸುಮ್ನೆ ಎಸೆಯಬೇಡಿ. ಅದರಲ್ಲಿ ಬೀಜಕಣ ಉಳಿದಿರಬಹುದು, ಸೂಕ್ಷ್ಮದರ್ಶಕದಲ್ಲಿ ನೋಡಿ.

ಉತ್ತರ 2: ಸರಿಯಾಗಿ ಒಣಗಿತ್ತಾ? ಸುಮಾರು 40 ಡಿಗ್ರಿ ಬಿಸಿಗಾಳಿಯಲ್ಲಿ, ಹಪ್ಪಳದ ಹಾಗೆ ಮುರಿಯುವ ತನಕ ಬಿಡಬೇಕು. ಬಣ್ಣ, ವಾಸನೆ ಹಸಿ ಇದ್ದಾಗಲೇ ಬರೆದಿಟ್ಟಿರಿ ಅಲ್ವಾ? ಒಣಗಿದ ಮೇಲೆ ಅವು ಸಿಗುವುದಿಲ್ಲ.

ಪ್ರಶ್ನೆ ಕೇಳಿದವಳು: ಬಣ್ಣ ಬರೆದಿದ್ದೇನೆ, ವಾಸನೆ ಬರೆದಿಲ್ಲ. ಪೊಟ್ಟಣಗಳನ್ನು ಇವತ್ತೇ ಫ್ರೀಜರಿಗೆ ಇಡುತ್ತೇನೆ.