ಡೇಟಾಬೇಸ್ ಸರ್ವರ್‌ಗೆ ಲಿನಕ್ಸೋ ಫ್ರೀಬಿಎಸ್‌ಡಿಯೋ? ಫೈಲ್ ಸಿಸ್ಟಮ್ ವೇಗ ಅಳೆದವರು ಹೇಳಿ

ಪ್ರಶ್ನೆ: ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆಂದೇ ಹೊಸ ಸರ್ವರ್ ಸಿದ್ಧ ಮಾಡುತ್ತಿದ್ದೇನೆ. 64 ಜಿಬಿ ರ‍್ಯಾಮ್, ಎರಡು ಎನ್‌ವಿಎಂಇ ಡಿಸ್ಕ್. ಲಿನಕ್ಸ್‌ನಲ್ಲಿ ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್, ಫ್ರೀಬಿಎಸ್‌ಡಿಯಲ್ಲಿ ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗಳನ್ನು ಹಾಕಿ ನೋಡಿದೆ. ಡಿಡಿ ಕಮಾಂಡ್‌ನಿಂದ 10 ಜಿಬಿ ಸೊನ್ನೆ ಬರೆಸಿದರೆ ಜೆಡ್‌ಎಫ್‌ಎಸ್ ಎಲ್ಲರಿಗಿಂತ ಬಹಳ ಮುಂದೆ. ಈ ಅಂಕಿ ನಂಬಿ ಫ್ರೀಬಿಎಸ್‌ಡಿಗೆ ಹೋಗಲೇ?

ಉತ್ತರ: ಬೇಡ, ದಯವಿಟ್ಟು ಇದನ್ನು ನಂಬಿ ಹೋಗಬೇಡಿ. ಕಂಪ್ರೆಷನ್ ಆನ್ ಇದ್ದರೆ ಜೆಡ್‌ಎಫ್‌ಎಸ್ ಸೊನ್ನೆ ತುಂಬಿದ ಬ್ಲಾಕನ್ನು ಡಿಸ್ಕಿಗೆ ಬರೆಯುವುದೇ ಇಲ್ಲ, ಅಲ್ಲಿ ಖಾಲಿ ಜಾಗವಿದೆ ಎಂದಷ್ಟೇ ಗುರುತು ಹಾಕಿಕೊಳ್ಳುತ್ತದೆ. ಮೇಲಾಗಿ 10 ಜಿಬಿ ನಿಮ್ಮ ರ‍್ಯಾಮಿನಲ್ಲೇ ಹಿಡಿಯುತ್ತದೆ, ಡಿಸ್ಕಿನ ವೇಗ ಅಳೆದಂತಾಗುವುದಿಲ್ಲ. ಎಫ್‌ಐಒ ಎಂಬ ಡಿಸ್ಕ್ ವೇಗ ಅಳೆಯುವ ಸಾಧನ ಬಳಸಿ, ಪ್ರತಿ ಸಲ ಬಫರ್ ಹೊಸದಾಗಿ ತುಂಬುವ ಆಯ್ಕೆ ಕೊಡಿ, ಫೈಲ್ ಗಾತ್ರ ಕನಿಷ್ಠ 128 ಜಿಬಿ ಇರಲಿ. ಡೈರೆಕ್ಟ್ ಐಒ (ಮೆಮೊರಿ ಕ್ಯಾಶ್ ಬಿಟ್ಟು ನೇರ ಡಿಸ್ಕಿಗೆ ಬರೆಯುವ ಆಯ್ಕೆ) ಹಾಕಿದ್ದೇನಲ್ಲ ಎಂದು ನಿಶ್ಚಿಂತೆಯಾಗಿರಬೇಡಿ. ಓಪನ್‌ಜೆಡ್‌ಎಫ್‌ಎಸ್ 2.3ಕ್ಕೆ ಮುಂಚಿನ ಆವೃತ್ತಿಗಳಲ್ಲಿ ಅದು ಕ್ಯಾಶ್ ತಪ್ಪಿಸುತ್ತಿರಲಿಲ್ಲ.

ಉತ್ತರ: ಮೇಲಿನವರ ಮಾತಿಗೆ ಸೇರಿಸುತ್ತೇನೆ. ಡೇಟಾಬೇಸಿಗೆ ಸೆಕೆಂಡಿಗೆ ಎಷ್ಟು ಎಂಬಿ ಎನ್ನುವುದಕ್ಕಿಂತ ಒಂದು ಎಫ್‌ಸಿಂಕ್ (ಬರೆದದ್ದು ಡಿಸ್ಕಿಗೆ ಸೇರುವಂತೆ ಮಾಡುವ ಕರೆ) ಮುಗಿಯಲು ಎಷ್ಟು ಹೊತ್ತು ಎನ್ನುವುದು ಮುಖ್ಯ, ಯಾಕೆಂದರೆ ಪ್ರತಿ ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವುದು) ಅದಕ್ಕಾಗಿ ಕಾಯುತ್ತದೆ. ಸರಾಸರಿ ಬಿಟ್ಟು 99ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 99 ಸಲ ಎಷ್ಟು ಹೊತ್ತಿನೊಳಗೆ ಮುಗಿಯಿತು ಎನ್ನುವುದನ್ನು ನೋಡಿ. ನಾನು ಜೆಡ್‌ಎಫ್‌ಎಸ್ ಮೇಲೆ ಪೋಸ್ಟ್‌ಗ್ರೆಸ್ ಹಾಕಿದಾಗ ರೆಕಾರ್ಡ್ ಸೈಜ್ (ಫೈಲನ್ನು ಒಡೆದಿಡುವ ತುಂಡಿನ ಗಾತ್ರ) 128 ಕೆಬಿಯಲ್ಲೇ, ಡಿಫಾಲ್ಟ್ ಇದ್ದ ಹಾಗೇ ಬಿಟ್ಟಿದ್ದೆ. ಪೋಸ್ಟ್‌ಗ್ರೆಸ್ ಪುಟ 8 ಕೆಬಿ. ಒಂದು ಪುಟ ಬದಲಾದರೂ ಇಡೀ 128 ಕೆಬಿ ಓದಿ, ತಿದ್ದಿ, ಬೇರೆ ಕಡೆ ಬರೆಯಬೇಕು. ಕಾರಣ ತಿಳಿಯದೆ ವಾರಗಟ್ಟಲೆ ಒದ್ದಾಡಿದೆ. 16 ಕೆಬಿಗೆ ಇಳಿಸಿದರೂ ಹಳೆಯ ಫೈಲುಗಳಿಗೆ ಅದು ಅನ್ವಯಿಸುವುದಿಲ್ಲ, ಡೇಟಾಬೇಸ್ ಪೂರ್ತಿ ಡಂಪ್ ಮಾಡಿ ಮತ್ತೆ ತುಂಬಿಸಿದ ಮೇಲೆಯೇ ಹಾದಿಗೆ ಬಂತು.

ಡಿಸ್ಕ್‌ಗಳಲ್ಲಿ ಪವರ್ ಲಾಸ್ ಪ್ರೊಟೆಕ್ಷನ್ (ಕರೆಂಟ್ ಹೋದರೂ ಡ್ರೈವ್ ಕ್ಯಾಶ್‌ನಲ್ಲಿರುವ ಡೇಟಾ ಉಳಿಸುವ ವ್ಯವಸ್ಥೆ) ಇದೆಯೇ? ಇದ್ದರೆ ಮತ್ತು ಇಲ್ಲದಿದ್ದರೆ ಎಫ್‌ಸಿಂಕ್‌ನಲ್ಲಿ ಕಾಣುವ ಅಂತರದ ಮುಂದೆ ಫೈಲ್ ಸಿಸ್ಟಮ್‌ಗಳ ನಡುವಿನ ವ್ಯತ್ಯಾಸ ಚಿಕ್ಕದು. ಮ್ಯಾಕ್‌ನಲ್ಲಿ ಅಳೆದ ಅಂಕಿಯನ್ನಂತೂ ಪಕ್ಕದಲ್ಲಿಡಲೇಬೇಡಿ, ಅಲ್ಲಿ ಬರೀ ಎಫ್‌ಸಿಂಕ್ ಕರೆದರೆ ಡ್ರೈವ್ ಒಳಗಿನ ಕ್ಯಾಶ್ ಖಾಲಿಯಾಗುವುದಿಲ್ಲ.

ಉತ್ತರ: ನನ್ನದು ಮೇಲ್ ಸರ್ವರ್, ಲಕ್ಷಗಟ್ಟಲೆ ಸಣ್ಣ ಫೈಲು. ಫ್ರೀಬಿಎಸ್‌ಡಿಯ ಯುಎಫ್‌ಎಸ್ ನಿಧಾನ ಎಂದುಕೊಂಡಿದ್ದೆ. ನೋಡಿದರೆ ಅದು ಪ್ರತಿ ಓದಿಗೂ ಆಕ್ಸೆಸ್ ಟೈಮ್ (ಫೈಲ್ ಕೊನೆಯ ಸಲ ಓದಿದ ಸಮಯ) ದಾಖಲಿಸುತ್ತಿತ್ತು, ಲಿನಕ್ಸ್ 2009ರಿಂದಲೇ ರೆಲಟೈಮ್ (ಅದನ್ನು ಅಪರೂಪಕ್ಕೆ ಮಾತ್ರ ಬರೆಯುವ ಆಯ್ಕೆ) ಬಳಸುತ್ತಿದೆ. ಎರಡೂ ಕಡೆ ನೋಅಟೈಮ್ (ಅದನ್ನು ಬರೆಯಲೇಬೇಡ ಎನ್ನುವ ಆಯ್ಕೆ) ಹಾಕಿದೆ, ಅಂತರ ಬಹುಪಾಲು ಹೋಯಿತು. ಕೊನೆಗೆ ಆರಿಸಿದ್ದು ಜೆಡ್‌ಎಫ್‌ಎಸ್, ಅದೂ ವೇಗಕ್ಕಲ್ಲ. ಸ್ಕ್ರಬ್ (ಡೇಟಾವನ್ನೆಲ್ಲ ಓದಿ ಪರೀಕ್ಷಿಸುವುದು) ಓಡಿಸಿದಾಗ ಒಂದು ಡಿಸ್ಕ್ ಸದ್ದಿಲ್ಲದೆ ಡೇಟಾ ಕೆಡಿಸುತ್ತಿದ್ದದ್ದು ಚೆಕ್‌ಸಮ್‌ನಿಂದ ಸಿಕ್ಕಿತು, ಮಿರರ್‌ನಿಂದ, ಅಂದರೆ ಇನ್ನೊಂದು ಡಿಸ್ಕಿನಲ್ಲಿದ್ದ ಪ್ರತಿಯಿಂದ, ಸರಿಹೋಯಿತು. ಅವತ್ತಿನಿಂದ ಸ್ವಲ್ಪ ವೇಗ ಕಳೆದುಕೊಳ್ಳಲು ನಾನು ಸಿದ್ಧ.

ಕೇಳಿದವರು: ತುಂಬಾ ಉಪಕಾರವಾಯಿತು. ಡಿಸ್ಕ್‌ಗಳಲ್ಲಿ ಪವರ್ ಲಾಸ್ ಪ್ರೊಟೆಕ್ಷನ್ ಇಲ್ಲ, ಮೊದಲು ಅವನ್ನೇ ಬದಲಿಸುತ್ತೇನೆ. ಆಮೇಲೆ ಮೂರರ ಮೇಲೂ ಪೋಸ್ಟ್‌ಗ್ರೆಸ್ ವೇಗ ಅಳೆಯುವ ಪಿಜಿಬೆಂಚ್ ಓಡಿಸಿ ಅಂಕಿ ಹಾಕುವೆ. ಹತ್ತು ನಿಮಿಷ ಸಾಕೇ?

ಉತ್ತರ: ಸಾಲದು. ಚೆಕ್‌ಪಾಯಿಂಟೇ (ಬದಲಾದ ಪುಟಗಳನ್ನು ಡಿಸ್ಕಿಗೆ ಬರೆಯುವುದು) ಡಿಫಾಲ್ಟ್ ಆಗಿ ಐದು ನಿಮಿಷಕ್ಕೊಮ್ಮೆ. ಒಂದು ಗಂಟೆಯಾದರೂ ಬಿಡಿ, ಡಿಸ್ಕ್ ಮುಕ್ಕಾಲು ತುಂಬಿಸಿ ಇನ್ನೊಮ್ಮೆ ಓಡಿಸಿ.