ಕ್ರೊಮ್ಯಾಟೊಗ್ರಫಿ ಸಿಮ್ಯುಲೇಷನ್‌ನಲ್ಲಿ ಪೀಕ್‌ಗಳು ಪ್ರಯೋಗಕ್ಕಿಂತ ಅಗಲವಾಗಿ ಬರುವುದೇಕೆ?

ಪ್ರಶ್ನೆ:
25 ಸೆಂ.ಮೀ. ಉದ್ದದ, ಸುಮಾರು 5000 ಥಿಯರೆಟಿಕಲ್ ಪ್ಲೇಟ್‌ಗಳಿರುವ (ಕಾಲಂನ ಕ್ಷಮತೆಯ ಅಳತೆ; ಹೆಚ್ಚಿದಷ್ಟೂ ಪೀಕ್ ಕಿರಿದು) ಎಚ್‌ಪಿಎಲ್‌ಸಿ ಕಾಲಂನಲ್ಲಿ (ದ್ರವ ಮಿಶ್ರಣವನ್ನು ಬೇರ್ಪಡಿಸುವ, ಹೀರುವ ಕಣಗಳು ತುಂಬಿದ ಕೊಳವೆ) ಎರಡು ಘಟಕಗಳು ಬೇರ್ಪಡುವುದನ್ನು ಈಕ್ವಿಲಿಬ್ರಿಯಂ-ಡಿಸ್ಪರ್ಸಿವ್ ಮಾದರಿ (ಪೀಕ್ ಹರಡುವುದನ್ನೆಲ್ಲ ಒಂದೇ ಡಿಸ್ಪರ್ಷನ್ ಗುಣಾಂಕದಲ್ಲಿ ಅಡಕಗೊಳಿಸುವ ಮಾದರಿ) ಮತ್ತು ಲ್ಯಾಂಗ್‌ಮ್ಯೂರ್ ಐಸೊಥರ್ಮ್ (ದ್ರವದ ಸಾರತೆಗೆ ತಕ್ಕಂತೆ ಎಷ್ಟು ಹೀರಿಕೆಯಾಗುತ್ತದೆಂಬ ಸಂಬಂಧ) ಬಳಸಿ ಲೆಕ್ಕ ಹಾಕುತ್ತಿದ್ದೇನೆ. ಕಾಲಂ ಅನ್ನು 100 ಭಾಗ ಮಾಡಿ ಅಪ್‌ವಿಂಡ್ (ಹರಿವು ಬರುವ ಬದಿಯ ಬೆಲೆಯನ್ನಷ್ಟೇ ಬಳಸುವ) ವಿಧಾನ ಹಾಕಿದರೆ ಪೀಕ್‌ಗಳು (ಹೊರಬರುವ ಪ್ರತಿ ಘಟಕದ ಸಾರತೆಯ ಉಬ್ಬುಗಳು) ತೀರಾ ಅಗಲವಾಗಿ ಒಂದರೊಳಗೊಂದು ಬೆರೆಯುತ್ತವೆ. ಸೆಂಟ್ರಲ್ ಡಿಫರೆನ್ಸ್ (ಎರಡೂ ಬದಿಯ ಬೆಲೆ ಬಳಸುವ ವಿಧಾನ) ಹಾಕಿದರೆ ಏರಿಳಿತಗಳು ಹುಟ್ಟಿ ಸಾರತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಡಿಸ್ಪರ್ಷನ್ ಗುಣಾಂಕವನ್ನು ತಗ್ಗಿಸಿದರೂ ಪ್ರಯೋಜನವಿಲ್ಲ. ದೋಷ ಎಲ್ಲಿದೆ?

ಉತ್ತರ 1:
ಗುಣಾಂಕವನ್ನು ಮುಟ್ಟಬೇಡಿ, ತೊಂದರೆ ಗ್ರಿಡ್‌ನಲ್ಲಿದೆ, ಅಂದರೆ ಕಾಲಂ ಅನ್ನು ಭಾಗ ಮಾಡಿದ ರೀತಿಯಲ್ಲಿದೆ. ಈ ಮಾದರಿಯಲ್ಲಿ ಡಿಸ್ಪರ್ಷನ್ ಗುಣಾಂಕವೆಂದರೆ ವೇಗ ಮತ್ತು ಉದ್ದಗಳ ಗುಣಲಬ್ಧವನ್ನು ಪ್ಲೇಟ್ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದ್ದು. ಕಾಲದ ಹೆಜ್ಜೆ ಚಿಕ್ಕದಾಗಿದ್ದಾಗ, ಮೊದಲ ದರ್ಜೆಯ ಅಪ್‌ವಿಂಡ್ ವಿಧಾನವು ಇದೇ ರೂಪದ ಕೃತಕ ಡಿಸ್ಪರ್ಷನ್ ಒಂದನ್ನು ತಾನಾಗಿಯೇ ಸೇರಿಸುತ್ತದೆ; ಅದರಲ್ಲಿ ಪ್ಲೇಟ್ ಸಂಖ್ಯೆಯ ಜಾಗದಲ್ಲಿ ಗ್ರಿಡ್ ಭಾಗಗಳ ಸಂಖ್ಯೆ ಇರುತ್ತದೆ. 1/5000ಕ್ಕೆ 1/100 ಕೂಡಿಸಿ ನೋಡಿ: ನೀವು ಲೆಕ್ಕ ಹಾಕುತ್ತಿರುವುದು ಸುಮಾರು 98 ಪ್ಲೇಟ್‌ಗಳ ಕಾಲಂ! ಸೆಂಟ್ರಲ್ ಡಿಫರೆನ್ಸ್‌ನಲ್ಲಾದರೋ ಪ್ರತಿ ಭಾಗದ ಪೆಕ್ಲೆ ಸಂಖ್ಯೆ (ಡಿಸ್ಪರ್ಷನ್‌ಗೆ ಹೋಲಿಸಿದರೆ ಹರಿವು ಎಷ್ಟು ಪ್ರಬಲವೆಂಬ ಅಳತೆ) 2ನ್ನು ಮೀರಬಾರದು, ನಿಮ್ಮಲ್ಲಿ ಅದು 100. ಹೇಗೆ ಹೋದರೂ ಕನಿಷ್ಠ 5000 ಭಾಗಗಳು ಬೇಕಾಗುತ್ತವೆ. ಅದರ ಬದಲು ಫೈನೈಟ್ ವಾಲ್ಯೂಮ್ ವಿಧಾನಕ್ಕೆ (ಪ್ರತಿ ಭಾಗದ ಒಳಬಂದ, ಹೊರಹೋದ ಪ್ರಮಾಣದ ಲೆಕ್ಕವಿಡುವ ವಿಧಾನ) ವ್ಯಾನ್ ಲೀರ್ ಅಥವಾ ಕೋರೆನ್ ಫ್ಲಕ್ಸ್ ಲಿಮಿಟರ್ ಸೇರಿಸಿ. ನಯವಾದ ಕಡೆ ಅದು ಮೇಲಿನ ದರ್ಜೆಯ ನಿಖರತೆ ಕೊಡುತ್ತದೆ, ಕಡಿದಾದ ಮುಂಭಾಗದಲ್ಲಿ ಮಾತ್ರ ಅಪ್‌ವಿಂಡ್‌ನತ್ತ ವಾಲುತ್ತದೆ. ಕೋಡ್ ಬರೆಯುವ ವ್ಯವಧಾನವಿಲ್ಲದಿದ್ದರೆ ಜರ್ಮನಿಯ ಯೂಲಿಶ್ ಸಂಶೋಧನಾ ಕೇಂದ್ರದ ಮುಕ್ತ ತಂತ್ರಾಂಶ ಕ್ಯಾಡೆಟ್ ಇದೆ.

ಉತ್ತರ 2:
ಲಿಮಿಟರ್ ಹಾಕುವ ಮುನ್ನ ಸಮೀಕರಣವನ್ನು ಯಾವ ರೂಪದಲ್ಲಿ ಬರೆದಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ. ಲ್ಯಾಂಗ್‌ಮ್ಯೂರ್ ಐಸೊಥರ್ಮ್‌ನಲ್ಲಿ ಹೆಚ್ಚು ಸಾರತೆಯ ಭಾಗ ಬೇಗ ಸಾಗುವುದರಿಂದ ಪೀಕ್‌ನ ಮುಂಭಾಗ ಗೋಡೆಯಂತೆ ಕಡಿದಾಗಿ, ಹಿಂದೆ ಬಾಲ ಬೆಳೆಯುತ್ತದೆ. ಐಸೊಥರ್ಮ್‌ನ ಅವಕಲವನ್ನು ಹೊರತೆಗೆದು ಸಾರತೆಯೊಂದನ್ನೇ ಮುನ್ನಡೆಸಿದರೆ, ರಾಶಿ ಸಂರಕ್ಷಣೆ ತಪ್ಪಿ ಆ ಮುಂಭಾಗ ತಪ್ಪು ವೇಗದಲ್ಲಿ ಸಾಗುವ ಅಪಾಯವಿದೆ. ದ್ರವದಲ್ಲಿರುವ ಮತ್ತು ಹೀರಿಕೆಯಾದ ಪ್ರಮಾಣಗಳ ಮೊತ್ತವನ್ನೇ ಮುನ್ನಡೆಸಿ, ಒಳಹೋದ ರಾಶಿಗೂ ಹೊರಬಂದ ಪೀಕ್‌ನ ವಿಸ್ತೀರ್ಣಕ್ಕೂ ತಾಳೆ ಹಾಕಿ.

ಪ್ರಶ್ನೆ ಕೇಳಿದವರು:
ಹಾಗಾದರೆ ಡಿಸ್ಪರ್ಷನ್ ಪದವನ್ನೇ ಕೈಬಿಟ್ಟು, ಭಾಗಗಳನ್ನು 5000ಕ್ಕೆ ಏರಿಸಿ, ಕೃತಕ ಡಿಸ್ಪರ್ಷನ್‌ನಿಂದಲೇ ಕೆಲಸ ಸಾಗಿಸಬಹುದಲ್ಲವೇ?

ಉತ್ತರ 1:
ಸಾಗಿಸಬಹುದು, ಹಳೆಯ ಲೆಕ್ಕಗಳಲ್ಲಿ ಈ ಉಪಾಯ ಬಳಕೆಯಲ್ಲಿತ್ತು. ಆದರೆ ಆಗ ಎರಡೂ ಘಟಕಗಳಿಗೆ ಒಂದೇ ಪ್ಲೇಟ್ ಸಂಖ್ಯೆಯನ್ನು ಒಪ್ಪಿಕೊಂಡಂತಾಗುತ್ತದೆ; ನಿಮ್ಮ ಪ್ರಯೋಗದಲ್ಲಿ ಅವು ಬೇರೆಬೇರೆಯಾಗಿದ್ದರೆ ಲಿಮಿಟರ್ ದಾರಿಯೇ ಸರಿ.