ಡಲ್ಲಾಸ್ ಸ್ಟಾರ್ಸ್ 2025-26: ಮ್ಯಾಚ್ ಯಾವಾಗ, ಟಿವಿಯಲ್ಲಿ ಎಲ್ಲಿ? ನಿಮ್ಮ ಅನುಭವ ಹೇಳಿ

ಪ್ಲೇನೋಗೆ ಹೊಸಬ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಜೂನ್‌ನಲ್ಲಿ ಬೆಂಗಳೂರಿನಿಂದ ಡಲ್ಲಾಸ್ ಪಕ್ಕದ ಪ್ಲೇನೋಗೆ ಬಂದೆವು. ಮಗನಿಗೆ ಒಂಬತ್ತು ವರ್ಷ. ಪಕ್ಕದ ಮನೆ ಹುಡುಗನ ಸಹವಾಸದಲ್ಲಿ ಐಸ್ ಹಾಕಿ ಹುಚ್ಚು ಹಿಡಿದಿದೆ. ಬೆಳಗಾದರೆ ಸ್ಟಾರ್ಸ್ (ಡಲ್ಲಾಸ್‌ನ ತಂಡ), ರಾತ್ರಿಯಾದರೆ ಸ್ಟಾರ್ಸ್. ಹೊಸ ಸೀಸನ್ ಅಕ್ಟೋಬರ್‌ನಲ್ಲಿ ಶುರುವಂತೆ. ವೇಳಾಪಟ್ಟಿ ತೆಗೆದು ನೋಡಿದರೆ 82 ಮ್ಯಾಚ್! ಮನೆಯಲ್ಲಿ ಕೇಬಲ್ ಇಲ್ಲ, ಹಾಕಿಸುವ ಮನಸ್ಸೂ ಇಲ್ಲ. ಯಾವ ಮ್ಯಾಚ್ ಎಲ್ಲಿ ಬರುತ್ತದೆ? ಶಾಲೆ ಇರುವ ದಿನ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಇನ್ನೊಂದು ವಿಷಯ. ನನ್ನ ಮಾವ ವಿರಾಜಪೇಟೆಯವರು, ಚಿಕ್ಕಂದಿನಿಂದ ಹಾಕಿ ಆಡಿದವರು. ಅಕ್ಟೋಬರ್ ಮೊದಲ ವಾರ ಇಲ್ಲಿಗೆ ಬರುತ್ತಾರೆ. ಅವರನ್ನೂ ಕೂರಿಸಿಕೊಂಡು ನೋಡಬೇಕು ಅಂತ ಆಸೆ. ಮಾಡಿ ನೋಡಿದವರು ಹೇಳಿ.

ಫ್ರಿಸ್ಕೋ ಅಪ್ಪ

ಹನ್ನೊಂದು ವರ್ಷದಿಂದ ಇಲ್ಲಿದ್ದೇವೆ. ನಿಮ್ಮ ಮಗನ ಕಾಯಿಲೆ ನಮ್ಮ ಮನೆಯಲ್ಲಿ ಇಬ್ಬರಿಗೆ ಬಂದು ಹೋಗಿದೆ. ಹೋಗಿದೆ ಅನ್ನುವುದು ಸುಳ್ಳು, ಇನ್ನೂ ಇದೆ.

82 ನೋಡಿ ಹೆದರಬೇಡಿ. 41 ಇಲ್ಲೇ ಡಲ್ಲಾಸ್‌ನಲ್ಲಿ, 41 ಹೊರಗೆ. ಎದುರಾಳಿ ಯಾರು ಅಂತ ನೋಡುವ ಮೊದಲು ಮ್ಯಾಚ್ ಯಾವ ಊರಿನಲ್ಲಿ ಅಂತ ನೋಡಿ. ನಿಮ್ಮ ಮಗನ ನಿದ್ದೆ ಅದರ ಮೇಲೆ ನಿಂತಿದೆ. ಇಲ್ಲಿ ನಡೆಯುವ ಮ್ಯಾಚ್ ಸಾಮಾನ್ಯವಾಗಿ ಸಂಜೆ 7ಕ್ಕೆ. ನ್ಯೂಯಾರ್ಕ್, ಬಾಸ್ಟನ್, ಟೊರಾಂಟೊ ಕಡೆ ಹೋದರೆ ನಮಗೆ 6ಕ್ಕೇ ಶುರು. ಎಂಟೂವರೆಗೆ ಮುಗಿದುಬಿಡುತ್ತದೆ, ಶಾಲೆ ಇದ್ದರೂ ಧಾರಾಳವಾಗಿ ನೋಡಬಹುದು. ಲಾಸ್ ಏಂಜಲೀಸ್, ಸ್ಯಾನ್ ಹೋಸೆ, ಸಿಯಾಟಲ್, ವ್ಯಾಂಕೂವರ್ ಅಂದರೆ ನಮಗೆ ರಾತ್ರಿ 9 ಅಥವಾ ಒಂಬತ್ತೂವರೆ. ಮುಗಿಯುವಾಗ ಮಧ್ಯರಾತ್ರಿ ಹತ್ತಿರ. ಅದನ್ನು ಶಾಲೆಯ ಹಿಂದಿನ ದಿನ ತೋರಿಸಿದರೆ ಮರುದಿನ ಮಗುವನ್ನು ಎಬ್ಬಿಸುವುದು ನಿಮ್ಮ ಕರ್ಮ.

ಒಂದು ಮ್ಯಾಚ್ ಅಂದರೆ 20 ನಿಮಿಷದ ಮೂರು ಪೀರಿಯಡ್. ನಡುವೆ ಎರಡು ವಿರಾಮ, ಒಂದೊಂದೂ ಹದಿನೆಂಟು ನಿಮಿಷದಷ್ಟು. ಗಡಿಯಾರ ಆಗಾಗ ನಿಲ್ಲುವುದರಿಂದ ಒಟ್ಟು ಎರಡೂವರೆ ಗಂಟೆ ಹಿಡಿಯಿರಿ. ನಮ್ಮ ಮನೆಯ ಕಾನೂನು: ಶಾಲೆ ಇದ್ದರೆ 7ರ ಮ್ಯಾಚಿನ ಮೊದಲ ಪೀರಿಯಡ್ ಮಾತ್ರ. ಮೊದಲ ವಿರಾಮದಲ್ಲಿ ಊಟ ಮುಗಿಸಿ ಹಾಸಿಗೆಗೆ. ಉಳಿದದ್ದನ್ನು ಬೆಳಿಗ್ಗೆ ತಿಂಡಿ ಹೊತ್ತಿಗೆ ಯೂಟ್ಯೂಬ್‌ನಲ್ಲಿ ಎನ್‌ಎಚ್‌ಎಲ್‌ನವರೇ (ಈ ಐಸ್ ಹಾಕಿ ಲೀಗ್‌ನವರು) ಹಾಕುವ ಹೈಲೈಟ್ಸ್‌ನಲ್ಲಿ ನೋಡುತ್ತಾರೆ. ಸ್ಕೋರ್ ಮೊದಲೇ ಹೇಳಿಬಿಟ್ಟರೆ ನನ್ನ ಜೊತೆ ಮಾತು ಬಿಡುತ್ತಾರೆ, ಅದು ಬೇರೆ ವಿಷಯ.

ಈ ಸಲ ಮೊದಲ ಮೂರು ಮ್ಯಾಚ್ ತಪ್ಪಿಸಬೇಡಿ. ಯಾರೋ ಬೇಕಂತಲೇ ಜೋಡಿಸಿದ ಹಾಗಿದೆ. ಅಕ್ಟೋಬರ್ 9, ಗುರುವಾರ ವಿನ್ನಿಪೆಗ್‌ನಲ್ಲಿ. 2025ರ ಪ್ಲೇಆಫ್‌ನ (ಸೀಸನ್ ಕೊನೆಯ ನಾಕೌಟ್ ಸುತ್ತುಗಳು) ಎರಡನೇ ಸುತ್ತಿನಲ್ಲಿ ನಾವು ಸೋಲಿಸಿದ ತಂಡ ಅದು. 11, ಶನಿವಾರ ಕೊಲರಾಡೊದಲ್ಲಿ. ಮೊದಲ ಸುತ್ತಿನಲ್ಲಿ ಏಳನೇ ಮ್ಯಾಚಿನವರೆಗೆ ಎಳೆದಿದ್ದರು. ಆ ಏಳನೇ ಮ್ಯಾಚಿನ ಕೊನೆಯ ಪೀರಿಯಡ್‌ನಲ್ಲಿ ನಮ್ಮ ಮಿಕ್ಕೊ ರಾಂಟನೆನ್ ಮೂರು ಗೋಲು ಹೊಡೆದ. ಅವನು ವರ್ಷಗಟ್ಟಲೆ ಆಡಿದ್ದು ಅದೇ ಕೊಲರಾಡೊಗೆ! ಆಮೇಲೆ 14, ಮಂಗಳವಾರ ಇಲ್ಲಿಯ ಮೊದಲ ಮ್ಯಾಚ್, ಮಿನೆಸೋಟದ ವಿರುದ್ಧ. ಸ್ಟಾರ್ಸ್ ತಂಡ 1993ರಲ್ಲಿ ಮಿನೆಸೋಟ ಬಿಟ್ಟು ಡಲ್ಲಾಸ್‌ಗೆ ಬಂದದ್ದು. ಅಲ್ಲಿನ ಹಳಬರಿಗೆ ಆ ಸಿಟ್ಟು ಇನ್ನೂ ಇದೆ. ತವರು ಬಿಟ್ಟು ಬಂದ ನಮಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ?

ಟಿವಿ ವಿಷಯ ಬೇರೆಯವರು ಬರೆಯಲಿ. ನನ್ನ ಕೈ ನೋಯುತ್ತಿದೆ.

ಇರ್ವಿಂಗ್‌ನಿಂದ

ಟಿವಿ ಬಗ್ಗೆ ನಾನು ಬರೆಯುತ್ತೇನೆ. ನಾನು ದುಡ್ಡು ಕಳೆದುಕೊಂಡು ಕಲಿತದ್ದು, ನೀವು ಕಳೆದುಕೊಳ್ಳಬೇಡಿ.

ಬಂದ ಹೊಸದರಲ್ಲಿ "ಎಲ್ಲ ಹಾಕಿ ಮ್ಯಾಚ್ ಇಲ್ಲೇ" ಅಂತ ಒಂದು ಜಾಹೀರಾತು ನೋಡಿ ವರ್ಷಕ್ಕೆ ದುಡ್ಡು ಕಟ್ಟಿದೆ. ಮೊದಲ ಮ್ಯಾಚ್ ದಿನ ಗೆಳೆಯರನ್ನೂ ಕರೆದಿದ್ದೆ. ಮಿರ್ಚಿ ಭಜ್ಜಿ ಕರಿದು ಕೂತು ಆ್ಯಪ್ ತೆರೆದರೆ ಕಪ್ಪು ಪರದೆ. ನಿಮ್ಮ ಪ್ರದೇಶದಲ್ಲಿ ಈ ಮ್ಯಾಚ್ ಲಭ್ಯವಿಲ್ಲ ಅಂತ ಒಂದು ಸಾಲು. ಡಲ್ಲಾಸ್ ಮ್ಯಾಚ್, ಡಲ್ಲಾಸ್‌ನಲ್ಲೇ ಬರುವುದಿಲ್ಲ! ಇದಕ್ಕೆ ಬ್ಲ್ಯಾಕೌಟ್ ಅನ್ನುತ್ತಾರೆ. ಪ್ರತಿ ತಂಡಕ್ಕೂ ತನ್ನ ಊರಿನ ಸುತ್ತ ಒಂದು ಸೀಮೆ ಇದೆ. ಆ ಸೀಮೆಯೊಳಗೆ ತೋರಿಸುವ ಹಕ್ಕು ಸ್ಥಳೀಯ ಪ್ರಸಾರಕರದ್ದು. ದೇಶಕ್ಕೆಲ್ಲ ಮಾರುವ ಪ್ಯಾಕೇಜು ಸೀಮೆಯಾಚೆ ಇರುವವರಿಗೆ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ ಅದೇ ಪ್ಯಾಕೇಜಿನಲ್ಲಿ ಆರಾಮಾಗಿ ಸ್ಟಾರ್ಸ್ ನೋಡುತ್ತಾನೆ. ಅವನ ಪಕ್ಕದ ತಂಡ ಡೆವಿಲ್ಸ್ ಮಾತ್ರ ಅವನಿಗೆ ಬರುವುದಿಲ್ಲ.

ನಮ್ಮ ಅದೃಷ್ಟ, ಇಲ್ಲಿ ಸ್ಥಳೀಯ ಪ್ರಸಾರ ಈಗ ಪುಕ್ಕಟೆ. 2024ರಲ್ಲಿ ಸ್ಟಾರ್ಸ್‌ನವರು ಕೇಬಲ್ ಚಾನೆಲ್ ಬಿಟ್ಟು ವಿಕ್ಟರಿ ಪ್ಲಸ್ ಅನ್ನುವ ಆ್ಯಪ್‌ಗೆ ಬಂದರು. ಟಿವಿಯಲ್ಲಾಗಲಿ ಫೋನಿನಲ್ಲಾಗಲಿ ಹಾಕಿಕೊಳ್ಳಿ. ತಿಂಗಳ ಬಾಡಿಗೆ ಏನೂ ಇಲ್ಲ, ಜಾಹೀರಾತು ಬರುತ್ತದೆ ಅಷ್ಟೇ. 82ರಲ್ಲಿ ಬಹುಪಾಲು ಅದರಲ್ಲೇ ಸಿಗುತ್ತವೆ. ಆ್ಯಪ್‌ಗೆ ನೀವು ಎಲ್ಲಿದ್ದೀರಿ ಅಂತ ಗೊತ್ತಾಗಬೇಕು, ಹಾಗಾಗಿ ಲೊಕೇಶನ್ ಕೇಳಿದಾಗ ಬೇಡ ಅನ್ನಬೇಡಿ. ನಮ್ಮ ಮನೆಯಲ್ಲಿ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ತೆರೆದು, ಅದು ನಮ್ಮನ್ನು ಬೇರೆ ರಾಜ್ಯದವರು ಅಂದುಕೊಂಡು ಅರ್ಧ ಪೀರಿಯಡ್ ಹೋಯಿತು. ಮೊದಲ ಮ್ಯಾಚಿನ ಹಿಂದಿನ ದಿನವೇ ಟಿವಿಯಲ್ಲಿ ಹಾಕಿ ಪರೀಕ್ಷೆ ಮಾಡಿ.

ಉಳಿದ ಕೆಲವು ಮ್ಯಾಚ್‌ಗಳನ್ನು ರಾಷ್ಟ್ರೀಯ ಚಾನೆಲ್‌ನವರು ತಮಗೇ ಇಟ್ಟುಕೊಳ್ಳುತ್ತಾರೆ. ಒಂದು ಕಡೆ ಇಎಸ್‌ಪಿಎನ್ ಮತ್ತು ಎಬಿಸಿ, ಇನ್ನೊಂದು ಕಡೆ ಟಿಎನ್‌ಟಿ. ಆ ದಿನ ವಿಕ್ಟರಿ ಪ್ಲಸ್ ತೆರೆದರೆ ಏನೂ ಇರುವುದಿಲ್ಲ. ಆ್ಯಪ್ ಕೆಟ್ಟಿದೆ ಅಂತ ಬೈಯಬೇಡಿ. ಟಿಎನ್‌ಟಿಯವರದ್ದು ಹೆಚ್ಚಾಗಿ ಬುಧವಾರ, ಎಚ್‌ಬಿಒ ಮ್ಯಾಕ್ಸ್‌ನಲ್ಲೂ ಬರುತ್ತದೆ. ಆದರೆ ಅದರ ಎಲ್ಲಕ್ಕಿಂತ ಅಗ್ಗದ, ಜಾಹೀರಾತು ಇರುವ ಪ್ಲಾನಿನಲ್ಲಿ ಆಟ ಇಲ್ಲ. ಮೇಲಿನ ಪ್ಲಾನ್ ಬೇಕು. ಇಎಸ್‌ಪಿಎನ್ 2025ರ ಆಗಸ್ಟ್‌ನಲ್ಲಿ ಹೊಸ ಆ್ಯಪ್ ಬಿಟ್ಟಿತು. ಬಿಟ್ಟಾಗ ತಿಂಗಳಿಗೆ 11.99 ಡಾಲರ್‌ನದು ಒಂದು, 29.99ರದು ಇನ್ನೊಂದು ಇತ್ತು. ಚಾನೆಲ್‌ನಲ್ಲಿ ನೇರವಾಗಿ ಬರುವ ಮ್ಯಾಚ್ ಬೇಕಾದರೆ ದೊಡ್ಡದೇ ಬೇಕು. ಆ್ಯಪ್‌ನಲ್ಲಿ ಮಾತ್ರ ಬರುವ ಮ್ಯಾಚಿಗೆ ಚಿಕ್ಕದು ಸಾಕು.

ಎರಡನ್ನೂ ವರ್ಷಪೂರ್ತಿ ಕಟ್ಟುವುದು ನನ್ನ ಪ್ರಕಾರ ದಂಡ. ವೇಳಾಪಟ್ಟಿಯಲ್ಲಿ ಮ್ಯಾಚ್ ಪಕ್ಕದಲ್ಲಿ ಚಾನೆಲ್ ಹೆಸರು ಇರುತ್ತದೆ. ಅಂಥವು ಯಾವ ತಿಂಗಳಲ್ಲಿ ಗುಂಪಾಗಿ ಬಿದ್ದಿವೆ ನೋಡಿ, ಆ ತಿಂಗಳು ಮಾತ್ರ ಕಟ್ಟಿ, ಮುಗಿದ ದಿನವೇ ನಿಲ್ಲಿಸಿ. ದುಡ್ಡು ಬೇಕಾಗುವುದು ಏಪ್ರಿಲ್‌ನಲ್ಲಿ. ಪ್ಲೇಆಫ್‌ನ ಎರಡನೇ ಸುತ್ತಿನಿಂದ ಎಲ್ಲವೂ ರಾಷ್ಟ್ರೀಯ ಚಾನೆಲ್‌ನವರ ಪಾಲು. ಸ್ಟಾರ್ಸ್ 2023, 2024, 2025 ಮೂರು ವರ್ಷವೂ ಕಾನ್ಫರೆನ್ಸ್ ಫೈನಲ್‌ಗೆ (ಅಂದರೆ ಸೆಮಿಫೈನಲ್‌ಗೆ) ಹೋಗಿ ಸೋತಿದ್ದಾರೆ. ಅಂದರೆ ಮೇ ತಿಂಗಳಿಗೂ ಸ್ವಲ್ಪ ದುಡ್ಡು ತೆಗೆದಿಡಿ. ಕಣ್ಣೀರನ್ನೂ.

ಕ್ಯಾರಲ್ಟನ್

ಎಬಿಸಿಗೆ ದುಡ್ಡೇ ಬೇಡ. ಅಂಗಡಿಯಲ್ಲಿ ಸಿಗುವ ಚಿಕ್ಕ ಆಂಟೆನಾ ತಂದು ಕಿಟಕಿಗೆ ಅಂಟಿಸಿ. ಚಾನೆಲ್ 8. ಶನಿವಾರದ ದೊಡ್ಡ ಮ್ಯಾಚ್‌ಗಳು ಅಲ್ಲಿ ಬರುತ್ತವೆ. ನಮ್ಮ ದೂರದರ್ಶನದ ಕಾಲದ ಹಾಗೆ ಅದನ್ನು ಅತ್ತಿತ್ತ ತಿರುಗಿಸಬೇಕು, ಮಕ್ಕಳಿಗೆ ಅದೇ ಒಂದು ಆಟ.

ಕಾರಿನಲ್ಲಿದ್ದರೆ ರೇಡಿಯೋ 96.7, ದ ಟಿಕೆಟ್. ಹೆದ್ದಾರಿಯ ಟ್ರಾಫಿಕ್‌ನಲ್ಲಿ ಕೇಳಲು ಅದೇ ಚೆನ್ನ.

ಅಲೆನ್

ಇಷ್ಟೆಲ್ಲ ಲೆಕ್ಕ ಯಾಕೆ? ಸುಮ್ನೆ ಕೇಬಲ್ ಹಾಕಿಸಿ, ಎಲ್ಲ ಬರುತ್ತದೆ.

ಇರ್ವಿಂಗ್‌ನಿಂದ

ಬರುವುದಿಲ್ಲ ಸರ್. ಅದೇ ತಮಾಷೆ. ಕೇಬಲ್ ಹಾಕಿಸಿದರೆ ಇಎಸ್‌ಪಿಎನ್, ಟಿಎನ್‌ಟಿ ಬರುತ್ತವೆ. ಬಹುಪಾಲು ಮ್ಯಾಚ್ ಇರುವುದು ಆ ಪುಕ್ಕಟೆ ಆ್ಯಪ್‌ನಲ್ಲಿ.

ಅಮ್ಮತ್ತಿ ಹುಡುಗಿ, ಈಗ ಹ್ಯೂಸ್ಟನ್

ಮಾವ ವಿರಾಜಪೇಟೆಯವರು ಅಂತ ಓದಿ ಬರೆಯಲೇಬೇಕು ಅನ್ನಿಸಿತು. ನಮ್ಮ ಅಪ್ಪ ಹೋದ ವರ್ಷ ಬಂದಿದ್ದರು. ಕೌಟುಂಬಿಕ ಹಾಕಿ ಹಬ್ಬದಲ್ಲಿ ನಮ್ಮ ಮನೆತನದ ತಂಡಕ್ಕೆ ಆಡಿದವರು. 1997ರಲ್ಲಿ ಕರಡದಲ್ಲಿ ಆ ಹಬ್ಬ ಶುರುವಾದಾಗಿನಿಂದ ಮೈದಾನದ ಬದಿಯಲ್ಲಿ ನಿಂತು ಕೂಗಿದವರು. ಇಲ್ಲಿ ಟಿವಿ ಹಾಕಿದ ಐದು ನಿಮಿಷಕ್ಕೆ "ಇದು ಹಾಕಿಯಾ, ಹೊಡೆದಾಟವಾ?" ಅಂದರು.

ನಾನು ಹೇಳಿದ್ದು ಇಷ್ಟು. ಹನ್ನೊಂದು ಜನರ ಬದಲು ಗೋಲ್‌ಕೀಪರ್ ಸೇರಿ ಆರು ಜನ. ನಾಲ್ಕು ಕ್ವಾರ್ಟರ್ ಬದಲು ಮೂರು ಪೀರಿಯಡ್. ಚೆಂಡಿನ ಬದಲು ಪಕ್, ರಬ್ಬರ್ ಬಿಲ್ಲೆ. ಆಟ ನಡೆಯುವಾಗಲೇ ಆಟಗಾರರು ಇಳಿದು ಹತ್ತುತ್ತಾರೆ, ಅದು ಅವರಿಗೆ ಗೊತ್ತಿದ್ದದ್ದೇ. ಒಬ್ಬೊಬ್ಬರು ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಬರುತ್ತಾರೆ ಅಂದಾಗ ಮಾತ್ರ ನಂಬಲಿಲ್ಲ. ಕೈಗಡಿಯಾರ ಹಿಡಿದು ಎಣಿಸಿದರು. ಪವರ್‌ಪ್ಲೇ ಅಂದರೆ ಕ್ರಿಕೆಟ್‌ನದು ಅಂದುಕೊಂಡಿದ್ದರು. ಇಲ್ಲಿ ತಪ್ಪು ಮಾಡಿದವನು ಎರಡು ನಿಮಿಷ ಪೆಟ್ಟಿಗೆಯಂಥ ಜಾಗದಲ್ಲಿ ಕೂರಬೇಕು, ಎದುರು ತಂಡಕ್ಕೆ ಒಬ್ಬ ಜಾಸ್ತಿ. ನಮ್ಮ ಹಾಕಿಯ ಹಸಿರು ಕಾರ್ಡ್ ಥರ ಅಂದೆ, ತಕ್ಷಣ ಅರ್ಥವಾಯಿತು. ಎರಡನೇ ವಾರಕ್ಕೆ ಅವರೇ ರೆಫರಿಗೆ ಬೈಯುತ್ತಿದ್ದರು.

ಒಂದು ಕಿವಿಮಾತು. ಮಾವನಿಗೆ ಪಶ್ಚಿಮದ ಮ್ಯಾಚ್ ಮೊದಲು ತೋರಿಸಿ! ಊರಿನಿಂದ ಬಂದ ಮೊದಲ ವಾರ ಅವರಿಗೆ ರಾತ್ರಿ ಹೇಗೂ ನಿದ್ದೆ ಬರುವುದಿಲ್ಲ.

ಜಯನಗರದ ಅಜ್ಜಿ

ನನ್ನ ಮೊಮ್ಮಗ ಡಲ್ಲಾಸ್‌ನಲ್ಲಿ ಇದ್ದಾನೆ. ಅವನು ಮ್ಯಾಚ್ ನೋಡುವಾಗ ನನಗೆ ವಿಡಿಯೋ ಕಾಲ್ ಮಾಡುತ್ತಾನೆ. ಅಲ್ಲಿ ಸಂಜೆ 7 ಅಂದರೆ ಅಕ್ಟೋಬರ್‌ನಲ್ಲಿ ನಮಗೆ ಬೆಳಿಗ್ಗೆ ಐದೂವರೆ. ನವೆಂಬರ್ 2ಕ್ಕೆ ಅಲ್ಲಿ ಗಡಿಯಾರ ಹಿಂದೆ ಇಟ್ಟ ಮೇಲೆ ಆರೂವರೆ. ಕಾಫಿ ಸೋಸುವ ಹೊತ್ತಿಗೆ ಸರಿಯಾಗಿ ಮೊದಲ ಪೀರಿಯಡ್. ನಿಮ್ಮ ಅತ್ತೆ ಊರಿನಲ್ಲೇ ಉಳಿಯುವುದಾದರೆ ಹೀಗೆ ಮಾಡಿ. ಆಟ ಅರ್ಥವಾಗಬೇಕು ಅಂತ ಏನಿಲ್ಲ, ಹುಡುಗ ಕುಣಿಯುವುದು ಕಂಡರೆ ಸಾಕು.

ಫ್ರಿಸ್ಕೋ ಅಪ್ಪ

ಕೈನೋವು ಕಡಿಮೆಯಾಯಿತು. ಬಿಟ್ಟದ್ದು ಎರಡಿವೆ.

ಒಂದು, ಫೆಬ್ರುವರಿ. ಫೆಬ್ರುವರಿ 6ರಿಂದ 24ರವರೆಗೆ ಲೀಗೇ ಬಂದ್. ಎನ್‌ಎಚ್‌ಎಲ್ ಆಟಗಾರರು 2014ರ ನಂತರ ಮೊದಲ ಸಲ ಒಲಿಂಪಿಕ್ಸ್‌ಗೆ ಹೋಗುತ್ತಿದ್ದಾರೆ, ಇಟಲಿಯ ಮಿಲಾನ್‌ಗೆ. ಫಿನ್‌ಲ್ಯಾಂಡ್ ಮೊದಲು ಪ್ರಕಟಿಸಿದ ಆರು ಹೆಸರುಗಳಲ್ಲಿ ಮೂರು ನಮ್ಮವರದ್ದೇ: ರಾಂಟನೆನ್, ಮಿರೊ ಹೇಸ್ಕನೆನ್, ಎಸಾ ಲಿಂಡೆಲ್. ಅದನ್ನು ಇಲ್ಲಿ ತೋರಿಸುವವರು ಎನ್‌ಬಿಸಿ ಮತ್ತು ಪೀಕಾಕ್. ಮಿಲಾನ್ ನಮಗಿಂತ ಏಳು ಗಂಟೆ ಮುಂದೆ. ಅಲ್ಲಿ ರಾತ್ರಿ 9ರ ಮ್ಯಾಚ್ ಇಲ್ಲಿ ಮಧ್ಯಾಹ್ನ 2ಕ್ಕೆ, ಮಗ ಶಾಲೆಯಲ್ಲಿರುತ್ತಾನೆ. ಈ ವಿರಾಮದಿಂದಾಗಿ ಉಳಿದ ತಿಂಗಳುಗಳಲ್ಲಿ ಮ್ಯಾಚ್‌ಗಳು ಒತ್ತೊತ್ತಾಗಿವೆ. ಸತತ ಎರಡು ದಿನ ಆಡಿದಾಗ ಎರಡನೇ ದಿನ ಮುಖ್ಯ ಗೋಲ್‌ಕೀಪರ್ ಆಟಿಂಜರ್‌ಗೆ ವಿಶ್ರಾಂತಿ ಕೊಡುವುದು ಮಾಮೂಲು. ಮಗ ಆಟಿಂಜರ್ ಭಕ್ತನಾದರೆ ಟಿಕೆಟ್ ಕೊಳ್ಳುವ ಮುನ್ನ ಅದನ್ನು ನೋಡಿ. ನಾವು ನೋಡಲಿಲ್ಲ. ಮನೆಗೆ ಬರುವವರೆಗೆ ಕಾರಿನಲ್ಲಿ ಅಳು.

ಎರಡು, ಯಾವ ತಂಡ ಎಷ್ಟು ಸಲ ಬರುತ್ತದೆ ಅನ್ನುವುದು. ನಮ್ಮ ಸೆಂಟ್ರಲ್ ಡಿವಿಷನ್‌ನ (ಲೀಗಿನಲ್ಲಿ ನಮ್ಮ ಗುಂಪು) ಉಳಿದ ಏಳು ತಂಡಗಳ ಜೊತೆ ಮೂರು ನಾಲ್ಕು ಸಲ ಆಟ. ಪೂರ್ವದ 16 ತಂಡಗಳ ಜೊತೆ ಎರಡೇ ಸಲ, ಒಂದು ಇಲ್ಲಿ, ಒಂದು ಅಲ್ಲಿ. ಅಂದರೆ ಪಿಟ್ಸ್‌ಬರ್ಗ್‌ನ ಕ್ರಾಸ್ಬಿ, ವಾಷಿಂಗ್ಟನ್‌ನ ಒವೆಚ್ಕಿನ್ ಡಲ್ಲಾಸ್‌ಗೆ ಬರುವುದು ಸೀಸನ್‌ಗೆ ಒಂದೇ ದಿನ. ಹಳೆಯ ದಿಗ್ಗಜ ಗ್ರೆಟ್ಸ್ಕಿಯ 894 ಗೋಲಿನ ದಾಖಲೆ 2025ರ ಏಪ್ರಿಲ್‌ನಲ್ಲಿ ಮುರಿದವನು ಒವೆಚ್ಕಿನ್, ಅವನ ಒಪ್ಪಂದದ ಕೊನೆಯ ವರ್ಷ ಇದು. ಟಿಕೆಟ್‌ಗೆ ದುಡ್ಡು ಹಾಕುವುದಾದರೆ ಅಂಥ ದಿನಕ್ಕೆ ಹಾಕಿ. ನಮ್ಮ ಗುಂಪಿನ ಸೇಂಟ್ ಲೂಯಿಸ್‌ನವರು ಹೇಗೂ ಮತ್ತೆ ಬರುತ್ತಾರೆ. ದುಬಾರಿ ಅನ್ನಿಸಿದರೆ ಸೆಪ್ಟೆಂಬರ್‌ನ ಅಭ್ಯಾಸ ಪಂದ್ಯಗಳಿಗೆ ಹೋಗಿ, ಟಿಕೆಟ್ ಅಗ್ಗ.

ವೇಳಾಪಟ್ಟಿಯನ್ನು ಕೈಯಲ್ಲಿ ಬರೆದುಕೊಳ್ಳಬೇಡಿ. ತಂಡದ ಸೈಟಿನಿಂದ ಫೋನಿನ ಕ್ಯಾಲೆಂಡರ್‌ಗೆ ಸೇರಿಸಿಕೊಳ್ಳಬಹುದು, ಸಮಯ ಬದಲಾದರೆ ತಾನೇ ತಿದ್ದಿಕೊಳ್ಳುತ್ತದೆ. ನಮ್ಮವಳು ಅದರ ಪಕ್ಕದಲ್ಲೇ ಕನ್ನಡ ಸಂಘದ ಕಾರ್ಯಕ್ರಮ, ಹಬ್ಬ ಎಲ್ಲ ಹಾಕಿಟ್ಟಿದ್ದಾಳೆ. ಪೂಜೆಯ ನಡುವೆ ಫೋನ್ ನೋಡುವುದು ನಿಂತಿಲ್ಲ, ಆದರೆ ಕದ್ದು ನೋಡುವುದು ನಿಂತಿದೆ.

ಪ್ಲೇನೋಗೆ ಹೊಸಬ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ವಿಕ್ಟರಿ ಪ್ಲಸ್ ಹಾಕಿದೆ, ಆಂಟೆನಾ ಆರ್ಡರ್ ಮಾಡಿದೆ. ಉಳಿದದ್ದಕ್ಕೆ ಸದ್ಯಕ್ಕೆ ದುಡ್ಡು ಕಟ್ಟುವುದಿಲ್ಲ. 9ರ ಮ್ಯಾಚ್ ಮನೆಯಲ್ಲಿ. 14ಕ್ಕೆ ಮಾವ, ಮಗ, ನಾನು ಮೂವರೂ ಕ್ರೀಡಾಂಗಣಕ್ಕೆ ಹೋಗೋಣ ಅಂತ. ಕೆಳಗಿನ ಸೀಟು ತೆಗೆದುಕೊಳ್ಳಬೇಕಾ? ಬೆಲೆ ನೋಡಿ ಎದೆ ಧಸಕ್ ಅಂತು. ಕಾರು ನಿಲ್ಲಿಸುವುದೆಲ್ಲಿ?

ಇರ್ವಿಂಗ್‌ನಿಂದ

ಕಾರು ಬೇಡ. ಪ್ಲೇನೋದಿಂದ ಡಾರ್ಟ್ ರೈಲಿನ ರೆಡ್ ಲೈನ್ ಹಿಡಿದು ಡೌನ್‌ಟೌನ್‌ನಲ್ಲಿ ಗ್ರೀನ್‌ಗೆ ಬದಲಾಯಿಸಿ. ವಿಕ್ಟರಿ ಸ್ಟೇಷನ್‌ನಲ್ಲಿ ಇಳಿದರೆ ಎದುರಿಗೇ ಅಮೆರಿಕನ್ ಏರ್‌ಲೈನ್ಸ್ ಸೆಂಟರ್.

ಫ್ರಿಸ್ಕೋ ಅಪ್ಪ

ಮೇಲಿನ ಹಂತದ ಸೀಟೇ ಸಾಕು. ಪಕ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹೊಸಬರಿಗೆ ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ. ಕೆಳಗೆ ಕೂತರೆ ಗಾಜಿಗೆ ಡಿಕ್ಕಿ ಹೊಡೆಯುವುದು ಮಾತ್ರ ಕಾಣುತ್ತದೆ. ಮಾವನಿಗೆ ಮೊದಲೇ ಹೇಳಿಡಿ, ರಾಷ್ಟ್ರಗೀತೆಯ ನಡುವೆ "ಸ್ಟಾರ್ಸ್" ಅನ್ನುವ ಪದ ಬಂದಾಗಲೆಲ್ಲ ಇಡೀ ಕ್ರೀಡಾಂಗಣ ಒಟ್ಟಿಗೆ ಕಿರುಚುತ್ತದೆ. ನಮ್ಮಮ್ಮ ಹೆದರಿ ಪಾಪ್‌ಕಾರ್ನ್ ಚೆಲ್ಲಿಬಿಟ್ಟಿದ್ದರು. ಹೊರಗೆ ಅಕ್ಟೋಬರ್ ಸೆಕೆ ಇದ್ದರೂ ಒಳಗೆ ಚಳಿ, ಮೂವರಿಗೂ ಸ್ವೆಟರ್ ಇರಲಿ.